ದಂಡೆಯ ಸೆಳೆತ

ಕಂಟಾರಾ ಊರು ಹತ್ತಿರವಾದಂತೆ ಬಲದಂಡೆಯ ಮೇಲೆ ಜನ ಕಾಣತೊಡಗಿದರು. ಸೂಯೆಜ್ ಕಾಲುವೆ ಈಜಿಪ್ಟಿನ ಕೈಗೆ ಬಂದು ಎರಡು ತಿಂಗಳು ತುಂಬಿರಲಿಲ್ಲ. ಹಡಗುಗಳನ್ನು ದಾಟಿಸುತ್ತಿದ್ದ ಪರದೇಶದ ಪೈಲಟ್‌ಗಳು ಹೋದ ವಾರ ಒಟ್ಟಾಗಿ ಕೆಲಸ ಬಿಟ್ಟಿದ್ದರು. ಒಂದು ಹಡಗು ಅಡ್ಡ ಮಲಗಿದರೆ ಸಾಕು, ಈಜಿಪ್ಟಿನವರ ಕೈಲಾಗದು ಎಂದು ಲೋಕವೇ ಆಡಿಕೊಳ್ಳುತ್ತದೆ. ಅವರ ಜಾಗಕ್ಕೆ ಬಂದ ಈಜಿಪ್ಟಿನ ಹೊಸ ಪೈಲಟ್ ಶೆಹಾತಾನಿಗೆ ಆ ಭಯದಲ್ಲಿ ಊಟ ಸೇರುತ್ತಿರಲಿಲ್ಲ.

ಹಡಗನ್ನು ದಂಡೆಗೆ ಕಟ್ಟಬೇಕಾದರೆ ಇರಲೆಂದು ದೋಣಿಸಮೇತ ಹತ್ತಿಸಿಕೊಂಡಿದ್ದ ಅಂಬಿಗ ಹಸನೇನ್ ರೊಟ್ಟಿ ಹಿಡಿದು ಬಂದ.

“ತಿನ್ನಿ ಪೈಲಟ್ ಸಾಹೇಬ್ರೇ. ನೀವು ಉಪವಾಸ ಇದ್ರೆ ಹಡಗಿಗೂ ಹಸಿವಾಗಿ ದಂಡೆ ಮೇಯೋಕೆ ಹೋದೀತು.”

“ಮೊದಲು ನಿನ್ನ ಬಾಯಿ ಕಟ್ಟಬೇಕು ನೋಡು,” ಎಂದ ಶೆಹಾತಾ. ನಗು ಮಾತ್ರ ಬರಲಿಲ್ಲ.

ದಂಡೆಯಲ್ಲಿ ಹೆಂಗಸರು ನಾಲಗೆ ಹೊರಳಿಸಿ ಹರ್ಷದ ಕೂಗು ಹಾಕುತ್ತಿದ್ದರು. ಮುದುಕನೊಬ್ಬ ಮೊಮ್ಮಗಳನ್ನು ಹೆಗಲೇರಿಸಿ ಮೇಲಕ್ಕೆ ಬೆರಳು ತೋರಿಸುತ್ತಿದ್ದ. ಹಡಗಿನ ಮೇಲೆ ನಿಂತವನು ತಮ್ಮವನೆಂದು ಅವರಿಗೆ ಕಾಣಲಿ ಎನಿಸಿತು ಶೆಹಾತಾನಿಗೆ. ಕೊಂಚ ಬಲಕ್ಕೆ ಎಂದ, ಚುಕ್ಕಾಣಿ ಹಿಡಿದವನಿಗೆ. ಮತ್ತೂ ಕೊಂಚ. ಜನರತ್ತ ಕೈ ಎತ್ತಿದ.

ಎತ್ತಿದ ಕೈ ಇಳಿಯುವ ಮೊದಲೇ ಕಾಲಡಿಯಲ್ಲಿ ಹಡಗು ನಡುಗಿತು. ದಂಡೆಯ ಪಕ್ಕದ ನೀರು ಹಡಗಿನ ಹಿಂಭಾಗವನ್ನು ತನ್ನತ್ತ ಎಳೆದುಕೊಂಡಿತ್ತು. ಮೂತಿ ಎಡಕ್ಕೆ, ಆಚೆ ದಂಡೆಯತ್ತ ತಿರುಗತೊಡಗಿತ್ತು.

“ಪೂರ್ತಿ ಬಲಕ್ಕೆ,” ಎಂದ ಶೆಹಾತಾ. ಚುಕ್ಕಾಣಿ ತಿರುಗಿತು. ಮೂತಿ ಕೇಳಲಿಲ್ಲ.

ಹಡಗಿನ ಕಪ್ತಾನ, ನಾರ್ವೆಯ ಹಾಲ್ವೊರ್ಸೆನ್, ಇಂಜಿನ್ ಕೋಣೆಗೆ ಆಜ್ಞೆ ಕಳಿಸುವ ಹಿಡಿಕೆಗೆ ಕೈ ಹಾಕಿದ. “ನಿಲ್ಲಿಸ್ತೀನಿ.”

“ಬೇಡಿ. ನಿಲ್ಲಿಸಿದ್ರೆ ಚುಕ್ಕಾಣಿಗೆ ಬಲವೇ ಇರಲ್ಲ, ಅಡ್ಡ ಮಲಗಿಬಿಡುತ್ತೆ. ವೇಗ ಕೊಡಿ.”

“ಎದುರಿಗೆ ಮರಳು ಕಾಣ್ತಿದೆ, ವೇಗ ಕೊಡೋದಾ? ಹಡಗು ನನ್ನದು, ಪೈಲಟ್.”

“ನಿಮ್ಮದೇ. ತಪ್ಪು ನನ್ನದು, ದಂಡೆ ಹತ್ತಿರಕ್ಕೆ ತಂದೋನು ನಾನು. ಅದಕ್ಕೇ ಹೇಳ್ತಿದೀನಿ, ವೇಗ ಕೊಡಿ.”

ಚುಕ್ಕಾಣಿ ಹಿಡಿದವನು ಇಬ್ಬರ ಮುಖವನ್ನೂ ನೋಡಿದ. ಗಾಳಿಯನ್ನೋ ಇಂಜಿನ್ನನ್ನೋ ದೂರುವವರನ್ನು ಹಾಲ್ವೊರ್ಸೆನ್ ಬೇಕಾದಷ್ಟು ಕಂಡಿದ್ದ. ಅಪಾಯದ ಹೊತ್ತಿನಲ್ಲಿ ತಪ್ಪೊಪ್ಪಿಕೊಂಡವನನ್ನು ಕಂಡಿರಲಿಲ್ಲ. ಹಿಡಿಕೆಯನ್ನು ಮುಂದಕ್ಕೆ ನೂಕಿದ.

ಹಿಂದೆ ನೀರು ಕುದಿಯಿತು. ಆಚೆ ದಂಡೆಯ ಮರಳಿನಲ್ಲಿ ಆಡಿನ ಹೆಜ್ಜೆಗಳೂ ಕಾಣುವಷ್ಟು ಹತ್ತಿರ ಹೋಗಿ ಮೂತಿ ನಿಂತಿತು. ಆಮೇಲೆ, ಮನಸ್ಸಿಲ್ಲದ ಎತ್ತಿನಂತೆ, ನಿಧಾನವಾಗಿ ಬಲಕ್ಕೆ ತಿರುಗಿತು.

“ಚುಕ್ಕಾಣಿ ನಡುವಿಗೆ. ವೇಗ ಇಳಿಸಿ,” ಎಂದ ಶೆಹಾತಾ.

ಹಡಗು ತಳ್ಳಿದ ಅಲೆಗೆ ದಂಡೆಯ ಜನ ಸೊಂಟದವರೆಗೆ ತೋಯ್ದಿದ್ದರು. ಆ ಹೊರಳಾಟವೆಲ್ಲ ತಮಗಾಗಿಯೇ ಮಾಡಿದ ಸಲಾಮೆಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

“ಏನಂತೆ ಅವರದು?” ಹಾಲ್ವೊರ್ಸೆನ್ ಹಣೆ ಒರೆಸಿಕೊಂಡ.

“ಇನ್ನೊಂದ್ಸಲ ಮಾಡು ಅಂತಿದಾರೆ,” ಎಂದ ಶೆಹಾತಾ.

ಅವನು ಎರಡೂ ಕೈಗಳಿಂದ ಕಂಬಿ ಹಿಡಿದು ನಡುನೀರನ್ನೇ ನೋಡುತ್ತ ನಿಂತ.