ತಂಗಿಯ ಮೊದಲ ಪ್ರಶ್ನೆ

ಹೊಸ ಬೂಟಿನ ಚರ್ಮದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ತಂಗಿಯ ಮೇಲೆ ಹೊಟ್ಟೆ ಉರಿಯುತ್ತದೆ. ಅವಳ ಪಾದ ನನ್ನದಕ್ಕಿಂತ ಬೇಗ ಬೆಳೆಯಿತು. ಹೀಗಾಗಿ ಹೊಸದೆಲ್ಲ ಅವಳಿಗೆ. ಅವಳಿಗೆ ಬಿಗಿಯಾದದ್ದು ನನಗೆ. ತಂಗಿಯ ಹಳೆಯ ಬೂಟು ಹಾಕಿಕೊಂಡ ಅಕ್ಕ ಇಡೀ ಬೀದಿಗೆ ನಾನೊಬ್ಬಳೇ.

ದೊಡ್ಡವರಾದ ಮೇಲೂ ಅದೇ ಪಾಡು. ಇಬ್ಬರೂ ಸರ್ಕಾರದ ಅಂಕಿಅಂಶ ಇಲಾಖೆ ಸೇರಿದೆವು. ಮನೆಯ ಆದಾಯ ಇಷ್ಟಕ್ಕಿಂತ ಕಡಿಮೆಯಿದ್ದರೆ ಆ ಮನೆಯ ಮಕ್ಕಳು ಬಡವರು ಎಂಬ ಗೆರೆ ಎಳೆದವಳು ನಾನು. ಎಷ್ಟೋ ವರ್ಷ ಅದೇ ನಡೆಯಿತು, ನನ್ನನ್ನು ಯಾರೂ ಮಾತಾಡಿಸಲಿಲ್ಲ. ನಾನು ನಿವೃತ್ತಳಾದ ಮೇಲೆ ತಂಗಿ, ಆದಾಯ ಕೇಳಿದರೆ ಸಾಲದು, ಮಗುವಿಗೆ ಏನಿದೆ ಏನಿಲ್ಲ ಎಂದು ಕೇಳಬೇಕು ಅಂತ ಹೊಸ ಪ್ರಶ್ನೆಗಳನ್ನು ಮಾಡಿದಳು. ಟಿವಿಯವರು ಅವಳ ಬಾಗಿಲಿಗೇ ಬಂದರು.

ಬಡತನದ ಎರಡೂ ಅಳತೆಗಳಿಗೆ ಹಣವಿಲ್ಲ, ಒಂದೇ ಉಳಿಯುತ್ತದೆ ಎಂದು ಶಾಸನಸಭೆಯ ಸಮಿತಿ ನಮ್ಮಿಬ್ಬರನ್ನೂ ಕರೆಸಿತು. ಆಡಳಿತ ಪಕ್ಷಕ್ಕೆ ನನ್ನ ಗೆರೆ ಬೇಕಿತ್ತು. ಅದರಲ್ಲಿ ಬಡ ಮಕ್ಕಳು ಕಡಿಮೆ ಕಾಣುತ್ತಿದ್ದರು. ವಿರೋಧ ಪಕ್ಷಕ್ಕೆ ಅವಳ ಪ್ರಶ್ನೆಗಳು. ಆಳುವವರು ನನ್ನ ಕಡೆಗಿರುವ ಕಾರಣ ಗೊತ್ತಿದ್ದೂ ನಾನು ಒಳಗೊಳಗೇ ಹಿಗ್ಗಿದೆ.

"ತಂಗಿ ವಿರುದ್ಧ ಸಾಕ್ಷಿನಾ ಮೇಡಂ?" ಎಂದು ಬಾಗಿಲ ಜವಾನ ನಕ್ಕ. ನಕ್ಕರೂ ಫ್ಯಾನನ್ನು ನನ್ನ ಕಡೆಗೆ ತಿರುಗಿಸಿಟ್ಟು ಹೋದ.

ಆಡಳಿತ ಪಕ್ಷದವರೇ ಆದ ದಪ್ಪ ಮೀಸೆಯ ಅಧ್ಯಕ್ಷರು ನನ್ನಿಂದಲೇ ಶುರು ಮಾಡಿದರು. "ಏನಮ್ಮಾ, ನಿಮ್ಮದು ಬಡವರ ಮನೆಯಾಗಿತ್ತಾ?"

"ಇಲ್ಲ ಸರ್. ಅಪ್ಪನ ಸಂಬಳ ಗೆರೆಗಿಂತ ಮೇಲಿತ್ತು."

"ತಂಗಿಯವರು ಏನಂತಾರೆ?"

"ನಾನು ಬಡವಳಲ್ಲ ಸರ್. ಅಕ್ಕ ಬಡವಳು."

ಸಭೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷರು ಕೇಳಿದರು, "ಅದು ಹೇಗಮ್ಮಾ? ಒಂದೇ ಮನೇಲಿ ಉಂಡು ಬೆಳೆದೋರು!"

"ಅದಕ್ಕೇ ನನ್ನ ಮೊದಲನೇ ಪ್ರಶ್ನೆ, ಈ ಮಗುವಿಗೆ ಅಳತೆಗೆ ಸರಿಯಾದ ಬೂಟು ಇದೆಯಾ ಅಂತ. ಮನೆಗೆ ಒಂದು ಉತ್ತರ ಅಲ್ಲ, ಮಗುವಿಗೊಂದು. ಅಕ್ಕ ಬೂಟಿನೊಳಗೆ ಚಿಂದಿ ಬಟ್ಟೆ ತುರುಕ್ಕೊಂಡು ಶಾಲೆಗೆ ನಡೀತಿದ್ದಳು. ಅವಳ ಹಿಮ್ಮಡಿ ನೋಡ್ತಾ ಹಿಂದೆ ನಡೆದೋಳು ನಾನು."

ನನ್ನ ಕಿವಿ ಕಾದವು. ಬಾಲ್ಯವಿಡೀ ನಾನು ತುಳಿದ ಬಡತನವನ್ನೂ ಇವಳೇ ಕಂಡುಹಿಡಿದು ಹೆಸರು ಮಾಡಿದಳಲ್ಲ!

"ಹಾಗಾದ್ರೆ ಅಕ್ಕಾವ್ರೇ, ಆ ಪ್ರಶ್ನೆಗಳು ಬೇಡ ಅಂತ ಬರ್ಕೊಳ್ಳೋಣ್ವಾ?" ಅಧ್ಯಕ್ಷರು ಕನಿಕರ ತೋರಿದರು.

ಹೂಂ ಎಂದಿದ್ದರೆ ಅವಳ ಆಟ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಗೆರೆಯ ಮೇಲಿನ ಮನೆಗಳಲ್ಲಿ ನನ್ನ ಹಾಗೆ ಕಾಲೆಳೆದುಕೊಂಡು ನಡೆಯುವ ಹುಡುಗಿಯರು ಎಷ್ಟು ಜನರೋ.

"ಒಂದೇ ಉಳಿಸೋದಾದ್ರೆ ಅವಳದ್ದೇ ಇರಲಿ ಸರ್. ನನ್ನ ಗೆರೆಗೆ ನಾನೇ ಕಾಣಲಿಲ್ಲ."

ಅಧ್ಯಕ್ಷರ ಮುಖ ಹುಳ್ಳಗಾಯಿತು. ತಂಗಿಯ ಪ್ರಶ್ನೆಗಳು ಉಳಿದವು. ಸಭೆ ಮುಗಿದದ್ದೇ ತಡ, ಕ್ಯಾಮೆರಾಗಳೆಲ್ಲ ಅವಳನ್ನು ಮುತ್ತಿದವು. ನಾನು ಹೊರಗಿನ ಬೆಂಚಿನಲ್ಲಿ ಕೂತು ಅವಳ ನೆಟ್ಟನೆಯ ಬೆನ್ನು ನೋಡಿ ಕುದಿಯುತ್ತಿದ್ದೆ. ಒಂದು ಒಳ್ಳೆಯ ಮಾತಾಡಿದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುತ್ತದೆಯೇ?

ಅವಳು ಮೈಕುಗಳ ನಡುವಿನಿಂದ ನುಸುಳಿಕೊಂಡು ಬಂದಳು. ನಾಲ್ಕು ಜನರೆದುರು ಮಾತಾಡಬೇಕಾದ ದಿನ ನನಗೆ ತುತ್ತು ಇಳಿಯುವುದಿಲ್ಲ. ಅದು ಅವಳಿಗೆ ಗೊತ್ತು. ಪಕ್ಕದಲ್ಲಿ ಕೂತು, ಚೀಲದಿಂದ ಊಟದ ಡಬ್ಬಿ ತೆಗೆದಳು. ವಯಸ್ಸಾಗಿ ಸೆಟೆದ ನನ್ನ ಬೆರಳುಗಳಿಗೆ ಕಷ್ಟವಾಗದ ಹಾಗೆ ಮುಚ್ಚಳ ಸಡಿಲಿಸಿ, ನನ್ನ ಮಡಿಲಲ್ಲಿಟ್ಟಳು.