ಯಾರಿಗೂ ಕೇಳಿಸದ ಬ್ಯಾಂಜೊ

ಆರ್ಲಿ ಬ್ಲೆವಿನ್ಸ್ ತನ್ನ ಬ್ಯಾಂಜೊದ ಉಕ್ಕಿನ ತಂತಿಗಳನ್ನು ಕಿತ್ತೆಸೆದು ನೈಲಾನ್ ತಂತಿ ಕಟ್ಟಿದ ಮೇಲೆ, ಲಾರೆಲ್ ಕಣಿವೆಯಲ್ಲಿ ಅವನ ಉಪದೇಶದಿಂದ ಪಾರಾದವರು ಕಿವುಡರು ಮಾತ್ರ.

"ಉಕ್ಕು ಅಂದ್ರೆ ಕಾರ್ಖಾನೆ ಚೀತ್ಕಾರ ಕಣ್ರಯ್ಯಾ. ನಮ್ಮ ಬೆಟ್ಟದ ಹಿರೀಕರು ಕಟ್ತಿದ್ದಿದ್ದು ಕುರಿಕರುಳಿನ ತಂತಿ. ಆ ದನಿಗೆ ಹತ್ತಿರ ಬರೋದು ನೈಲಾನೇ."

"ನಿನ್ನ ತಾತ ಬಾಗಿಲ ಜಾಲರಿಯಿಂದ ತಂತಿ ಎಳ್ದು ಕಟ್ಕೊಂಡಿದ್ದ," ಎಂದಳು ಹೆಂಡತಿ ಓಸಿ, ಜೋಳದ ರೊಟ್ಟಿಯನ್ನು ಬಾಣಲೆಯಿಂದ ತಟ್ಟೆಗೆ ಮಗುಚುತ್ತಾ. "ನಿನ್ನಜ್ಜಿ ಬೇಸಿಗೆಯಿಡೀ ನೊಣ ಹೊಡೀತಾ ಕೂತಿದ್ಲು."

ಶನಿವಾರ ಸಂಜೆ ಮುಚ್ಚಿದ ಶಾಲೆಯಲ್ಲಿ ಎಲ್ಲರೂ ನುಡಿಸಲು ಸೇರುತ್ತಿದ್ದರು. ಹಾಯ್ಟ್ ಸ್ಟರ್ಗಿಲ್‌ನ ಪಿಟೀಲು, ಸುತ್ತ ಗಿಟಾರುಗಳ ಅಬ್ಬರ. ಅದರ ನಡುವೆ ಆರ್ಲಿಯ ನೈಲಾನ್ ದನಿ, ಕಂಬಳಿಯೊಳಗೆ ಬೆಕ್ಕು ನಡೆದಾಡಿದಂತೆ. ಎಲ್ಲರಿಗೂ ಪ್ರಿಯವಾದ ಮಟ್ಟು 'ಕುಂಟು ಹೇಸರಗತ್ತೆ'. ಅದರ ಎರಡನೆಯ ಅರ್ಧವನ್ನು ಆರ್ಲಿ ಕಲಿತೇ ಇರಲಿಲ್ಲ. ಅದು ಬಂದಾಗ ಮೊದಲರ್ಧವನ್ನೇ ಮತ್ತೆ ಕೆರೆಯುತ್ತಿದ್ದ. ಉಕ್ಕಿನ ಕಾಲದಲ್ಲಿ ಹಾಯ್ಟ್ ಪಿಟೀಲಿನ ಕಮಾನು ಎತ್ತಿ ಬಯ್ಯುತ್ತಿದ್ದ. ನೈಲಾನ್ ಬಂದ ಮೇಲೆ ಬೈಗುಳ ನಿಂತಿತು. ಕೊನೆಗೂ ಇವನಿಗೆ ನನ್ನ ಬೆಲೆ ತಿಳಿಯಿತು ಎಂದು ಆರ್ಲಿ ಉಬ್ಬಿದ.

ಆ ಚಳಿಗಾಲ ಹಾಯ್ಟ್ ತೀರಿಕೊಂಡ. ಅವನ ಹೆಂಡತಿ ವರ್ಡಿ ಆರ್ಲಿಯ ಮನೆಗೇ ಬಂದಳು.

"ಆರ್ಲಿಯಣ್ಣ, ಮಣ್ಣು ಮಾಡೋವಾಗ 'ಹೇಸರಗತ್ತೆ' ನುಡಿಸ್ತೀಯಾ? ನೀನೊಬ್ಬನೇ. ಉಳಿದೋರದು ಗದ್ದಲ ಜಾಸ್ತಿ. ಪಕ್ಕದಲ್ಲಿ ಕೂರೋಕೆ ಆರ್ಲಿಯಂಥೋನು ಇನ್ನೊಬ್ಬ ಇಲ್ಲ ಅಂತಿದ್ದ ಹಾಯ್ಟ್."

ಆರ್ಲಿಯ ಕಣ್ಣು ತುಂಬಿತು. ವರ್ಡಿ ಹೋದ ಮೇಲೆ ಓಸಿ ಕೇಳಿದಳು, "ಎರಡನೇ ಅರ್ಧ?"

"ಕೈಗೆ ತಾನಾಗೇ ಬರುತ್ತೆ ಬಿಡು."

ಗುಡ್ಡದ ಮೇಲಿನ ಸ್ಮಶಾನದಲ್ಲಿ ಗಾಳಿಯೂ ಇರಲಿಲ್ಲ. ಆರ್ಲಿ ಬೆರಳ ಬೆನ್ನಿನಿಂದ ತಂತಿಗೆ ಬಡಿದ. ಮೊದಲರ್ಧ ನಿಜಕ್ಕೂ ಸೊಗಸಾಗಿ ಬಂತು. ಜನ ತಲೆ ತಗ್ಗಿಸಿದರು. ರೂಢಿಯಂತೆ ಅದನ್ನು ಇನ್ನೊಮ್ಮೆ ನುಡಿಸಿದ. ಇನ್ನು ಎರಡನೆಯ ಅರ್ಧಕ್ಕೆ ತಿರುಗಬೇಕು. ಕೈ ತಿರುಗಲಿಲ್ಲ, ಮೊದಲರ್ಧಕ್ಕೇ ಓಡಿತು. ಮಟ್ಟು ಮುಗಿಯುವುದು ಎರಡನೆಯ ಅರ್ಧದಲ್ಲಿ, ಹಾಗಾಗಿ ನಿಲ್ಲಿಸುವುದಕ್ಕೂ ದಾರಿಯಿಲ್ಲ. ಗಾಣಕ್ಕೆ ಕಟ್ಟಿದ ಹೇಸರಗತ್ತೆಯಂತೆ ರಾಗ ಗೋರಿಯ ಸುತ್ತ ಸುತ್ತುತ್ತಲೇ ಇತ್ತು. ತಗ್ಗಿದ ತಲೆಗಳು ಒಂದೊಂದಾಗಿ ಮೇಲೆದ್ದವು. ಪಾದ್ರಿ ಬೈಬಲ್ ತೆರೆದ, ಮುಚ್ಚಿದ, ಮತ್ತೆ ತೆರೆದ. ಅಷ್ಟು ಚಳಿಯಲ್ಲೂ ಆರ್ಲಿಯ ಕುತ್ತಿಗೆಯಿಂದ ಬೆವರಿಳಿಯಿತು.

ಕೊನೆಗೆ ವರ್ಡಿ ಮುಂದೆ ಬಂದು ತಂತಿಗಳ ಮೇಲೆ ಅಂಗೈಯಿಟ್ಟಳು. "ಸಾಕು ಆರ್ಲಿಯಣ್ಣ. ಉಳಿದರ್ಧ ಹಾಯ್ಟ್ ಮೇಲೆ ಹೋಗಿ ನುಡಿಸ್ಕೊಳ್ತಾನೆ."

ಮಣ್ಣಾದ ಮೇಲೆ ಚರ್ಚಿನ ಊಟದಲ್ಲಿ ಹುರಳಿಕಾಯಿ ಪಲ್ಯದ ತಟ್ಟೆ ಹಿಡಿದು ಆರ್ಲಿ ಅವಳ ಹತ್ತಿರ ಹೋದ. "ಹಾಯ್ಟ್ ನನ್ನ ಹೊಗಳ್ತಿದ್ದ ಅಂದೆಯಲ್ಲ..."

"ಹೊಗಳ್ತಿದ್ದನಪ್ಪ. ಪಕ್ಕದಲ್ಲೇ ಕೂತ್ರೂ ಒಂಚೂರೂ ಕೇಳಿಸಲ್ಲ, ಅಂಥ ಬ್ಯಾಂಜೊದೋನು ಸಿಗೋದು ಪುಣ್ಯ ಅಂತಿದ್ದ."

ಮನೆಯ ದಾರಿಯುದ್ದಕ್ಕೂ ಆರ್ಲಿ ಗೊಣಗಿದ, "ಥಂಡಿಗೆ ನೈಲಾನ್ ಸಡಿಲ ಆಗ್ಬಿಡ್ತು ಕಣೇ."

"ಸಡಿಲ ಎಲ್ಲಿ ಆಯ್ತು?" ಎಂದಳು ಓಸಿ. "ಕೇಳಿಸ್ತು, ಅಷ್ಟೆ."

ಮುಂದಿನ ಶನಿವಾರ ಅವನು ಶಾಲೆಯ ಕಡೆ ತಲೆ ಹಾಕಲಿಲ್ಲ. ಅಡುಗೆಮನೆಯ ಒಲೆಯ ಪಕ್ಕ ಬ್ಯಾಂಜೊ ಹಿಡಿದು ಕೂತ. ಹರೆಯದಲ್ಲಿ ಆ ಮಟ್ಟಿಗೆ ಹೆಜ್ಜೆ ಹಾಕಿ ಎಷ್ಟೋ ಜೊತೆ ಬೂಟು ಸವೆಸಿದ್ದ ಓಸಿ, ಆಲೂಗಡ್ಡೆ ಸುಲಿಯುತ್ತಾ ಎರಡನೆಯ ಅರ್ಧವನ್ನು ಗುನುಗಿದಳು. ಆರ್ಲಿಯ ಬೆರಳು ಅದರ ಹಿಂದೆಯೇ ತಡಕಾಡಿತು.

"ಅಲ್ಲಲ್ಲ, ಅಲ್ಲಿ ಮೇಲಕ್ಕೆ ಹೋಗ್ಬೇಕು."

"ಹಿರೀಕರು ಅದನ್ನ ಹಾಗೆ ನುಡಿಸ್ತಿರಲಿಲ್ಲ, ಓಸಿ. ಅವರ ಪದ್ಧತೀಲಿ..."

"ಬಾಯಿ ಮುಚ್ಕೊಂಡು ನುಡಿಸು."

ಆರ್ಲಿ ಬಾಯಿ ಮುಚ್ಚಿದ. ತಂತಿಗಳು ಮೆತ್ತಗೆ ಡುಬ್ ಡುಬ್ ಎಂದವು. ಮೂರನೆಯ ಸ್ವರದಲ್ಲೇ ಮತ್ತೆ ತಪ್ಪಿದ.