ನೀರುನಾಯಿ ನೋಡಲು ಹೋದ ದಿನ

ಮೂರು ಸಲ ರಜೆ ಕೇಳಿ ಮೂರು ಸಲವೂ ಸಿಗದೆ, ನಾಲ್ಕನೆಯ ಸಲಕ್ಕೆ ಮಗಳನ್ನು ರಾಷ್ಟ್ರೀಯ ಉದ್ಯಾನದ ಮಳೆಕಾಡಿಗೆ ಕರೆದುಕೊಂಡು ಹೋದೆ. ನೀರುನಾಯಿಗಳನ್ನು ಇಬ್ಬರೂ ಒಟ್ಟಿಗೆ ನೋಡೋಣವೆಂದು ಮಾತು ಕೊಟ್ಟಿದ್ದೆ. ಹತ್ತು ವರ್ಷದವಳು, ನನ್ನ ಮಾತಿನ ಮೇಲೆ ಅವಳಿಗಿನ್ನೂ ನಂಬಿಕೆ ಉಳಿದಿದ್ದುದೇ ದೊಡ್ಡದು.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವವಳು. ನಾಲ್ಕು ಜನ ಬರುವ ಕಡೆ ಹೋಗುವಾಗ ಬಟ್ಟೆ ಚೆನ್ನಾಗಿರಬೇಡವೇ? ಹಿಂದಿನ ದಿನವೇ ಇಬ್ಬರ ಬಟ್ಟೆಗಳನ್ನೂ ತಿಕ್ಕಿ ಒಗೆದು, ಸುವಾಸನೆಯ ನೀರಿನಲ್ಲಿ ಅದ್ದಿ, ಗರಿಗರಿಯಾಗಿ ಇಸ್ತ್ರಿ ಮಾಡಿದ್ದೆ.

ಗೇಟಿನಲ್ಲಿ ಗೈಡಮ್ಮ ಮೂಗರಳಿಸಿದಳು.

“ಏನಕ್ಕಾ, ಮದುವೆಗೆ ಹೊರಟ್ರಾ? ಈ ವಾಸನೆಗೆ ನೀರುನಾಯಿ ಹಾಗಿರ್ಲಿ, ಜಿಗಣೆನೂ ಹತ್ರ ಬರಲ್ಲ.”

ಮಗಳು ನಕ್ಕಳು. ಗೈಡಮ್ಮ ನಗಲಿಲ್ಲ. ನೀರುನಾಯಿಯ ಮೂಗು ಬಲು ಚುರುಕಂತೆ. ಗಾಳಿಯೂ ಇವತ್ತು ಹೊಳೆಯ ಕಡೆಗೇ ಬೀಸುತ್ತಿದೆಯಂತೆ.

ತನ್ನ ಕೋಣೆಯಿಂದ ಎರಡು ಹಳೇ ಅಂಗಿ ತಂದುಕೊಟ್ಟಳು. ಮಗಳದು ಮೊಣಕಾಲಿಗೆ ಬಂತು. ಗೈಡಮ್ಮ ನನ್ನ ಕೈಯ ಹತ್ತಿರ ಬಗ್ಗಿ, ಮೂಗು ಸುಕ್ಕಿಸಿ ನೆಟ್ಟಗಾದಳು. ನಾನೇ ಮೂಸಿಕೊಂಡೆ. ಹದಿನೈದು ವರ್ಷದ ಬ್ಲೀಚಿನ ವಾಸನೆ ಅಂಗಿ ಬದಲಿಸಿದರೆ ಹೋಗುತ್ತದೆಯೇ?

“ನೀವು ಹೋಗ್ಬನ್ನಿ. ನಾನಿಲ್ಲೇ ಕೂತಿರ್ತೀನಿ,” ಅಂದೆ.

“ನೀನಿಲ್ದೆ ನಂಗೆ ಬೇಡ,” ಅಂದಳು ಮಗಳು. “ಒಟ್ಟಿಗೆ ಅಂದಿದ್ದೆ.”

“ಅಂದಿದ್ದೆ. ನಾನು ಬಂದ್ರೆ ಇಬ್ರಿಗೂ ಕಾಣಲ್ಲ ಕಣೇ. ನೀನು ನೋಡ್ಕೊಂಡು ಬಂದು ಹೇಳು. ಒಂದೂ ಬಿಡಬಾರ್ದು.”

“ಹೇಳ್ತಿದ್ರೆ ನೀನು ನಿದ್ದೆ ಮಾಡ್ತೀಯ. ಯಾವಾಗ್ಲೂ ಹಂಗೇ.”

“ಇವತ್ತಿಲ್ಲ.”

ಮೂರು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಮೇಲೆಲ್ಲೋ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದ ಸದ್ದು, ಕೋತಿಗಳ ಜಗಳ. ಎಲೆಗಳ ಹಿಂದೆ ಯಾವುದೂ ಕಾಣಲಿಲ್ಲ.

ಕಾಲೆಲ್ಲ ಕೆಸರು ಮಾಡಿಕೊಂಡು ಬಂದವಳು ಬಸ್ಸು ಹತ್ತಿದ ಮೇಲೆ ಶುರುಮಾಡಿದಳು. ಕೆಂಜಳಿಲು ಕೊಂಬೆಯಿಂದ ಕೊಂಬೆಗೆ ಹಾರಿದ್ದು, ಬೇರಿನ ಸಂದಿಯಲ್ಲಿ ಉಗುರಿನಷ್ಟೇ ದೊಡ್ಡ ಕಪ್ಪೆ, ಕೊನೆಗೆ ಹೊಳೆ. “ಬಂಡೆ ಮೇಲೆ ಐದಿದ್ವು ಅಮ್ಮಾ. ಒಂದು ತನ್ನ ಮರೀನ ಕತ್ತಿನ ಹತ್ರ ಕಚ್ಕೊಂಡು…”

ಕಣ್ಣು ಬಿಟ್ಟಾಗ ನಮ್ಮ ನಿಲ್ದಾಣ ಬಂದಿತ್ತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

“ಆಮೇಲೆ ಮರಿ ಏನಾಯ್ತೇ?”

ಅವಳು ಎದ್ದು ಬಾಗಿಲ ಕಡೆ ಹೊರಟಳು.

ಇಳಿದೆವು. ನಾನು ಮನೆಯ ತಿರುವು ಬಿಟ್ಟು ನೇರ ನಡೆದೆ.

“ಮನೆ ಆ ಕಡೆ,” ಅಂದಳು.

“ಗೊತ್ತು. ನಡೀತಾ ಇದ್ರೆ ನಿದ್ದೆ ಬರಲ್ಲ. ಹೇಳು, ಮರೀನ ಕಚ್ಕೊಂಡು?”

ಓಡಿ ಬಂದು ನನ್ನ ಪಕ್ಕ ಹೆಜ್ಜೆ ಹಾಕಿದಳು.

“ನೀರಿಗೆ ಹಾಕ್ತು,” ಅಂದಳು ಆಮೇಲೆ. “ಅದಕ್ಕಿನ್ನೂ ಈಜೋಕೆ ಬರ್ತಿರ್ಲಿಲ್ಲ. ಅಮ್ಮ ಕಲಿಸ್ತಿತ್ತು.”